ಮಾದರಿಗೆ ಹೋದ ಚಿತ್ರಗಳು

೧೮ ಜನವರಿ ೧೯೯೯, ಸೋಮವಾರ

ಕೊಬ್ಬರಿ ವರ್ತಕರ ಸಂಘದವರು ಹಂಚಿದ ಡೈರಿ ಇದು. ಪ್ರತಿ ಪುಟದ ನೆತ್ತಿಯ ಮೇಲೂ ಒಂದು ತೆಂಗಿನಮರ. ಪ್ರತಿ ವರ್ಷವೂ ಇವರು, ನಮ್ಮ ಮನೆಯವರು, ತಂದುಕೊಡುತ್ತಾರೆ, ಪ್ರತಿ ವರ್ಷವೂ ನಾನು ಸಂಕ್ರಾಂತಿಯವರೆಗೆ ಬರೆದು ಕೈಬಿಡುತ್ತೇನೆ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡುತ್ತಿದ್ದೇನೆ. ಗೊಣಗುವುದಕ್ಕೆ ಬೇರೆ ಜಾಗವಿಲ್ಲ.

ಮಗಳು ಸಿರಿ ಮೊನ್ನೆ ಬರೋಡಾಕ್ಕೆ ಹೊರಟಳು, ಮೂರು ತಿಂಗಳ ಕಲಾಶಿಬಿರಕ್ಕೆ. ಮಗಳ ಟ್ರಂಕನ್ನು ಕೂಲಿಯವನಿಗೆ ಕೊಡದೆ ತಾವೇ ಎತ್ತಿದ ಅವಳಪ್ಪ, ಸೊಂಟ ಹಿಡಿದುಕೊಂಡು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತವರು ರೈಲು ಹೋದ ಮೇಲೂ ಏಳಲಿಲ್ಲ. ಡಾಕ್ಟರು ಯುಗಾದಿಯವರೆಗೆ ಹಲಗೆಯ ಮೇಲೆ ಮಲಗಿಸಿದ್ದಾರೆ. ಅವರ ಸೊಂಟ ಹೋಯಿತು, ಗ್ಯಾಲರಿಯ ಬೀಗದಕೈ ನನ್ನ ಸೊಂಟಕ್ಕೆ ಬಂತು.

ಗ್ಯಾಲರಿ ಅಂದರೆ ಸ್ಟೇಷನ್ ರಸ್ತೆಯ ನಮ್ಮ ಹಳೆಯ ಗೋದಾಮಿನ ಕೆಳಗಿನ ಅಂಕಣ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿರುತ್ತದೆ, ಕೆಳಗೆ ಆಧುನಿಕ ಚಿತ್ರಕಲೆ. ಎರಡು ವರ್ಷದ ಹಿಂದೆ ಅಪ್ಪ ಮಗಳು ಸೇರಿ ಸುಣ್ಣ ಬಳಿಸಿ ‘ಅಟ್ಟ’ ಎಂದು ಬೋರ್ಡು ಹಾಕಿದರು. ಅಂದಿನಿಂದ ಬಂದವರಲ್ಲಿ ಮುಕ್ಕಾಲು ಪಾಲು ಜನ ಅಟ್ಟ ಬಾಡಿಗೆಗೆ ಇದೆಯೇ ಎಂದು ಕೇಳಿದವರು.

ಸಂಕ್ರಾಂತಿಯ ದಿನ ಎಳ್ಳು ಬೀರಲು ಹೋದಾಗ ಇವರ ಅಣ್ಣ ದೇವೀರಪ್ಪ ಭಾವ ಮಾತು ಮುಗಿಸಿಯೇಬಿಟ್ಟರು. ಮನೆಗೆ ಅವರೇ ಹಿರಿಯರು, ಗೋದಾಮು ಅವರ ಹೆಸರಿನಲ್ಲಿದೆ. “ಗೂಡ್ಸ್ ಶೆಡ್ ಹಿಂದಿನ ಗೋದಾಮು ಸೋರ್ತೈತೆ. ಮಳೆಗಾಲಕ್ಕೆ ನಂಗೆ ಈ ಜಾಗ ಬೇಕು. ಯುಗಾದಿ ಮಾರನೇ ದಿನ ಮೂಟೆ ಇಳಿಸ್ತೀನಿ. ಎರಡು ವರ್ಷ ಆಯ್ತಲ್ಲಪ್ಪ, ಈ ಊರಿನ ಒಬ್ಬ ನರಮನುಷ್ಯ ಬಂದು ನೋಡಿದ್ನಾ ನಿಮ್ಮ ಪಟನ?” ಸಿರಿಯ ಕಣ್ಣು ತುಂಬಿತು. ಇವರು ಸಕ್ಕರೆ ಅಚ್ಚು ಬಾಯಿಗಿಟ್ಟುಕೊಂಡರು.

ನಿಜ ಹೇಳಬೇಕೆಂದರೆ, ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ, ನನಗೆ ಅಂಥ ಬೇಸರವೇನೂ ಆಗಲಿಲ್ಲ. ನಾನು ಶಬ್ದದವಳು. ಎಂ.ಎ. ಓದಿದ್ದು ಕಾವ್ಯ, ಇಪ್ಪತ್ತೈದು ವರ್ಷ ಒಲೆಯ ಬದಿಯಲ್ಲಿ ಓದಿದ್ದೂ ಕಾವ್ಯ. ಮಾತೇ ಆಡದ ಈ ಬಣ್ಣಗಳ ಮುಂದೆ ನಿಂತರೆ ಮೂಗರ ಮನೆಗೆ ನೆಂಟರಾಗಿ ಹೋದ ಹಾಗೆ. ಯುಗಾದಿಯವರೆಗೆ ಬಾಗಿಲು ತೆಗೆಯುವುದು, ಮುಚ್ಚುವುದು. ಆಮೇಲೆ ಮಧ್ಯಾಹ್ನಗಳು ಮತ್ತೆ ನನ್ನವು.

೨೧ ಜನವರಿ, ಗುರುವಾರ

ಇಬ್ಬರು ಫ್ರೆಂಚರು ಬಂದರು. ರೈಲಿಳಿದವರು, ಹಳೇಬೀಡಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಲು. ಇನ್ನೂ ಹೊತ್ತಿದೆ ಎಂದೆ. ಫ್ಯಾನಿನ ಕೆಳಗೆ ಕೂತರು. ಕೂತ ಮೇಲೆ ಗೋಡೆ ನೋಡದೆ ಏನು ಮಾಡುತ್ತಾರೆ? ಹೊರಡುವಾಗ ಆ ಹೆಂಗಸು ನನ್ನ ಕೈ ಹಿಡಿದು ತುಂಬ ಹೊತ್ತು ಏನೋ ಹೇಳಿದಳು. ಚಿತ್ರದ ವಿಷಯವೋ ಫ್ಯಾನಿನ ವಿಷಯವೋ ತಿಳಿಯಲಿಲ್ಲ.

ಒಂದು ಉಪಾಯ ಮಾಡಿದ್ದೇನೆ. ಪ್ರತಿ ಚಿತ್ರದ ಪಕ್ಕ ಒಂದು ಚೀಟಿ, ದುಂಡಗಿನ ಅಕ್ಷರದಲ್ಲಿ ವಿವರಣೆ. ಈ ಮೂಗರಿಗೆ ಯಾರಾದರೂ ಬಾಯಿ ಕೊಡಬೇಡವೇ? ಬಿಕ್ಕೋಡಿನ ಹುಡುಗಿ ದಿವ್ಯಶ್ರೀಯ ‘ಹೊತ್ತು’ ಎಂಬ ಕೃತಿಯ ಮುಂದೆ ಮಾತ್ರ ಪೆನ್ನು ಓಡಲಿಲ್ಲ. ಐದು ಕ್ಯಾನ್ವಾಸುಗಳು ಸಾಲಾಗಿ. ಐದೂ ಕಂದು. ಒಂದೊಂದರಲ್ಲೂ ಒಂದು ಸಣ್ಣ ಹೊಂಬಣ್ಣದ ಗೆರೆ ಬೇರೆ ಬೇರೆ ಎತ್ತರದಲ್ಲಿ, ಅಷ್ಟೆ. ಕೊನೆಗೆ “ಕಾಲಪ್ರವಾಹದಲ್ಲಿ ಲೀನವಾಗುವ ಚೇತನದ ಪಂಚಮುಖೀ ಅನಾವರಣ” ಎಂದು ಬರೆದೆ. ಚೆನ್ನಾಗಿದೆ.

೨೭ ಜನವರಿ, ಬುಧವಾರ

ಚೀಟಿಗಳನ್ನು ಜನ ಓದುತ್ತಿದ್ದಾರೆ. ಚೀಟಿಯನ್ನಷ್ಟೇ ಓದುತ್ತಿದ್ದಾರೆ. ಇವತ್ತು ಬ್ಯಾಂಕಿನ ಮೇನೇಜರು ಎಲ್ಲ ಚೀಟಿ ಓದಿ, “ಜ್ಞಾನ ಬಂತು ಮೇಡಮ್” ಎಂದು ಹೇಳಿ, ಒಂದು ಚಿತ್ರವನ್ನೂ ನೋಡದೆ ಹೋದರು.

ಅತ್ತೆಮ್ಮ ಇನ್ನು ಮೇಲೆ ದಿನಾ ನನ್ನ ಜೊತೆ ಬರುತ್ತಾರಂತೆ. ಮನೆಯಲ್ಲಿ ಮಗ ಹಲಗೆಯ ಮೇಲಿಂದ ಹತ್ತು ಸಲ ಕೂಗುತ್ತಾನೆ, ಅದಕ್ಕಿಂತ ಸ್ಟೇಷನ್ ರಸ್ತೆಯ ಗದ್ದಲವೇ ಮೇಲು ಅಂತೆ. ಅತ್ತೆಮ್ಮ ಕಾಂತಮ್ಮನವರೆಂದರೆ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಈಗಲೂ ಗೌರವ. ಮಾವನವರು ಇದ್ದಾಗ ಗಲ್ಲಾದ ಪಕ್ಕ ಕೂತವರು. ಬಾಗಿಲ ಬಳಿ ಬೆಂಚು ಹಾಕಿಸಿಕೊಂಡು, ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತೇಬಿಟ್ಟರು.

“ಇದೇನ್ ಮಂಗಳಾ, ಈ ಐದು ಪಟವೂ ಒಂದೇ ಥರ ಅವೆ?”

“ಒಂದೇ ಅಲ್ಲ ಅತ್ತೆಮ್ಮ. ಪಕ್ಕದಲ್ಲಿ ಬರೆದಿದೀನಲ್ಲ.”

“ನಂಗೆ ಕನ್ನಡಕ ಇಲ್ಲ. ನೀನೇ ಓದು.”

ಓದಿದೆ. ಕೇಳಿಸಿಕೊಂಡು, ಅಡಿಕೆ ಚೂರು ಬಾಯಿಗೆಸೆದು, “ಹೂಂ. ಒಂದೇ ಲಾಟಿನ ಮಾಲು” ಎಂದರು.

೨ ಫೆಬ್ರವರಿ, ಮಂಗಳವಾರ

ಸಿಟ್ಟಾಗಬೇಕೋ ನಗಬೇಕೋ ಗೊತ್ತಾಗುತ್ತಿಲ್ಲ.

ಮಧ್ಯಾಹ್ನ ಇವರ ಸೊಂಟಕ್ಕೆ ಎಣ್ಣೆ ತಿಕ್ಕಲು ಮನೆಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ‘ಹೊತ್ತು’ವಿನ ಐದರಲ್ಲಿ ಒಂದಿಲ್ಲ. ಮೊಳೆ ಮಾತ್ರ ಇದೆ.

“ಅತ್ತೆಮ್ಮ, ಇಲ್ಲಿದ್ದದ್ದು?”

“ಬಾಣಾವರದ ಉಗ್ರಪ್ಪ ಬಂದಿದ್ದ. ಷಡಕ್ಷರಿ ಸೊಂಟ ಹೆಂಗೈತೆ ಅಂತ ವಿಚಾರಿಸ್ಕೊಂಡು, ಹಂಗೇ ಕೂತು ನೋಡ್ದ. ಮಾದರಿ ಕೊಟ್ಟು ಕಳಿಸ್ದೆ.”

“ಮಾದರಿ?”

“ಅಯ್ಯೋ, ಇಷ್ಟು ವರ್ಷ ಮಂಡಿ ಮನೇಲಿದ್ದು ಮಾದರಿ ಅಂದ್ರೇನು ಅಂತೀಯಲ್ಲೇ! ಮೂಟೆ ನೋಡ್ದೋನಿಗೆ ನಾಕು ಕೊಬ್ಬರಿ ಟವೆಲ್ಲಿಗೆ ಹಾಕಿ ಕಳಿಸಲ್ವಾ? ಮನೆಗ್ ತಗೊಂಡೋಗಿ ಒಡೆದು ನೋಡ್ತಾನೆ, ತಿಂದು ನೋಡ್ತಾನೆ. ಆಮೇಲೆ ಮಾತು. ಐದು ಒಂದೇ ಥರದವು ಇದ್ವಲ್ಲ, ಅದ್ರಲ್ಲೊಂದು ಕೊಟ್ಟೆ. ಮಾದರಿ ಕೊಡ್ದೆ ಯಾವ ಮಂಡಿ ನಡೆಸ್ತೀರ ನೀವು?”

“ಅವರು ಅದನ್ನ ಒಡೆದು ನೋಡಿದರೆ?”

“ಅಷ್ಟು ಗ್ಯಾನ ಇಲ್ವಾ ಅವನಿಗೆ? ಗೋಡೆಗೆ ನೇತಾಕ್ತಾನೆ ಬಿಡು.”

ಮನೆಗೆ ಬಂದು ಇವರಿಗೆ ಹೇಳಿದೆ. ನಕ್ಕರು. ನಕ್ಕು ಸೊಂಟ ಹಿಡಿದುಕೊಂಡರು. ಸೊಂಟ ಹಿಡಿದುಕೊಂಡು ಮತ್ತೆ ನಕ್ಕರು. ಸಿರಿ ಫೋನ್ ಮಾಡಿದಾಗ ನಾವಿಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

೯ ಫೆಬ್ರವರಿ, ಮಂಗಳವಾರ

ಉಗ್ರಪ್ಪನವರು ಬಾಣಾವರದ ತಮ್ಮ ಮಂಡಿಯಲ್ಲಿ ಚಿತ್ರವನ್ನು ತೂಕದ ಯಂತ್ರದ ಮೇಲ್ಗಡೆ ನೇತುಹಾಕಿದ್ದಾರಂತೆ. ಅಲ್ಲಿಗೆ ಬಂದವರೆಲ್ಲ ಏನಿದು ಎಂದು ಕೇಳಿದ್ದಾರೆ. “ಷಡಕ್ಷರಪ್ಪನೋರ ಮಾಲು, ಮಾದರಿ ತಂದಿದೀನಿ” ಎಂದರಂತೆ. ಅಷ್ಟು ಸಾಕಾಯಿತು. ಒಬ್ಬರಿಗೆ ಮಾದರಿ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಮಂಡಿ ಸಾಲಿನಲ್ಲಿ ಅದು ಅವಮಾನ.

ಜಾವಗಲ್ಲಿನ ಸಣ್ಣಯ್ಯ ಬಂದರು, ಒಂದು ಹೋಯಿತು. ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಟೀ ಅಂಗಡಿ ಇಟ್ಟಿರುವ ಕೃಷ್ಣಪ್ಪ ಮಂಡಿಗೆ ಕೊಬ್ಬರಿ ಹಾಕಲು ಬಂದವನು, ಇನ್ನೊಂದು ಒಯ್ದ. ಬೇಲೂರಿನ ಬಟ್ಟೆ ಅಂಗಡಿಯವರು ಅತ್ತೆಮ್ಮನ ತವರಿನ ಕಡೆಯವರಂತೆ, ಅವರಿಗಂತೂ ಚಕಾರವಿಲ್ಲದೆ ಹೋಯಿತು. ಗೋಡೆಯ ಮೇಲೆ ಉಳಿದಿರುವುದು ಒಂದು. ನಾಲ್ಕು ಮೊಳೆಗಳ ಪಕ್ಕದಲ್ಲಿ ನನ್ನ “ಪಂಚಮುಖೀ ಅನಾವರಣ”.

ಅತ್ತೆಮ್ಮನ ಹತ್ತಿರ ಜಗಳವಾಡಿದೆ. ಅವರು ಮಾತು ಬಿಟ್ಟರು. ಸಂಜೆ ಬಾಗಿಲು ಹಾಕುವಾಗ, “ಜನ ಬರಲ್ಲ ಅಂತಿದ್ರಿ, ಬಂದ್ರೆ ಅಳ್ತೀರಿ” ಎಂದು ಬೀಗಕ್ಕೆ ಹೇಳಿದರು.

೧೪ ಫೆಬ್ರವರಿ, ಶಿವರಾತ್ರಿ

ಉಪವಾಸ. ಕವನದ ಪುಸ್ತಕ ತೆಗೆದುಕೊಂಡು ಕೂರೋಣವೆಂದರೆ ಎಲ್ಲಿಟ್ಟೆನೋ ಸಿಗಲಿಲ್ಲ. ಇವರು ಗೋಡೆ ಹಿಡಿದುಕೊಂಡು ಬಚ್ಚಲಿನವರೆಗೆ ನಡೆದರು.

೨೨ ಫೆಬ್ರವರಿ, ಸೋಮವಾರ

ದಿವ್ಯಶ್ರೀ ಬಿಕ್ಕೋಡಿನಿಂದ ಬಂದಳು. ಹೇಳದೆ ಕೇಳದೆ, ಬೆಳಗಿನ ಮೊದಲ ಬಸ್ಸಿಗೆ. ಬೇಲೂರಿನಲ್ಲಿ ಬಸ್ಸು ಬದಲಿಸುವಾಗ ಬಟ್ಟೆ ಅಂಗಡಿಯ ಒಳಗೆ ತನ್ನ ಚಿತ್ರ ಕಂಡಿದೆ. ಸೀರೆಗಳ ನಡುವೆ.

ಚಿಕ್ಕ ಹುಡುಗಿ, ಸಿರಿಯ ಓರಗೆಯವಳು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಮೊಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಆಂಟಿ, ಇದು ಐದು ಚಿತ್ರ ಅಲ್ಲ. ಒಂದೇ ಚಿತ್ರ. ನಮ್ಮಪ್ಪ ಎಸ್ಟೇಟಿಂದ ಬರೋ ಹೊತ್ತಲ್ಲಿ ಮನೆ ಮುಂದಿನ ಮಣ್ಣಿನ ಮೇಲೆ ಬಿಸಿಲು ಹೆಂಗೆ ಸರೀತಿತ್ತು ಅಂತ ಎರಡು ವರ್ಷ ಕೂತು ಮಾಡಿದ್ದು. ನೀವು ಕವಿತೆ ಓದ್ತೀರಂತೆ, ಸಿರಿ ಹೇಳ್ತಿದ್ಲು. ಒಂದು ಕವಿತೇಲಿ ಒಂದೊಂದು ಸಾಲನ್ನ ಒಂದೊಂದು ಮನೆಗೆ ಕೊಟ್ಟು ಕಳಿಸ್ತೀರಾ?”

ಬೆಂಚಿನ ಮೇಲಿಂದ ಅತ್ತೆಮ್ಮ, “ಕೊಡೋದು ಮಾದರಿಗೆ ಕಣಮ್ಮ, ಪೂರ್ತಿ ಅಲ್ಲ” ಎಂದರು. ಅದು ಬೆಂಕಿಗೆ ತುಪ್ಪ.

ಯುಗಾದಿಯ ಹೊತ್ತಿಗೆ ಐದನ್ನೂ ಇದೇ ಗೋಡೆಯ ಮೇಲೆ ಒಟ್ಟಿಗೆ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಅವಳು ನಂಬಿದ ಹಾಗೆ ಕಾಣಲಿಲ್ಲ. “ಬುಧವಾರ ನನ್ನ ಜೊತೆ ಬಾ, ಒಂದೊಂದನ್ನೂ ನೋಡಿಕೊಂಡು ಬರೋಣ” ಎಂದೆ. ಯಾಕೆ ಹಾಗೆಂದೆನೋ. ಬಸ್ಸಿನ ಪ್ರಯಾಣ ನನಗೆ ಆಗಿಬರುವುದಿಲ್ಲ.

೨೪ ಫೆಬ್ರವರಿ, ಬುಧವಾರ

ಕಾಲು ನೋಯುತ್ತಿದೆ, ಆದರೂ ಬರೆದೇ ಮಲಗಬೇಕು.

ಒಂದೇ ದಿನಕ್ಕೆ ಬಾಣಾವರ ಆಗಲಿಲ್ಲ, ಉಳಿದ ಮೂರೂರು. ಮೊದಲು ಜಾವಗಲ್. ಸಣ್ಣಯ್ಯ ಕಾಯಿ ಮಂಡಿಯ ಹಿಂದಿನ ಗೋಡೆಗೆ ಚಿತ್ರ ಹಾಕಿ, ಧೂಳು ಕೂರಬಾರದೆಂದು ಹೆಂಡತಿಯ ಹಳೆಯ ಸೀರೆಯ ತುಂಡೊಂದನ್ನು ಪರದೆಯ ಹಾಗೆ ಇಳಿಬಿಟ್ಟಿದ್ದರು. ನೋಡಬೇಕೆಂದವರಿಗೆ ಅವರೇ ಪರದೆ ಸರಿಸಿ ತೋರಿಸುತ್ತಾರೆ. ಇವಳೇ ಬರೆದವಳು ಎಂದೆ. ಸಣ್ಣಯ್ಯ ಕುರ್ಚಿ ತರಿಸಿದರು, ಎಳನೀರು ಕೆತ್ತಿಸಿದರು, ಆಮೇಲೆ ವ್ಯಾಪಾರದ ಮುಖ ಮಾಡಿದರು.

“ಮಾದರಿ ಚೆನ್ನಾಗೈತೆ ಕಣಮ್ಮ. ದಿನಾ ನೋಡ್ತೀನಿ. ಆ ಗೆರೆ ಬೆಳಿಗ್ಗೆ ಹೊತ್ತು ಒಂಥರಾ, ಸಂಜೆ ಒಂಥರಾ. ಆದ್ರೆ ಒಂದ್ ಮಾತು. ಉಳಿದ ನಾಕೂ ಹಿಂಗೇ ಇರ್ತವೆ ಅಂತ ಏನು ಗ್ಯಾರಂಟಿ?”

“ಹಿಂಗೇ ಇರಲ್ಲ. ಬೇರೆ ಇದಾವೆ” ಎಂದಳು ದಿವ್ಯಶ್ರೀ, ಬಿಗಿಯಾಗಿ.

“ಬೇರೆ ಅವಾ! ಹಂಗಾದ್ರೆ ಇದು ಮಾದರಿ ಹೆಂಗಾಯ್ತು? ಒಂದು ನೋಡಿ ಐದು ತಗೊಳಂಗಿಲ್ಲ ಅಂದ್ರೆ ನಾನು ಉಳಿದಿದ್ದೂ ನೋಡ್ಬೇಕಲ್ಲ?”

“ಅದನ್ನೇ ರೀ ನಾನು ಹೇಳ್ತಿರೋದು!” ಎಂದಳು ಅವಳು. ಕುರ್ಚಿಯಿಂದ ಎದ್ದೇಬಿಟ್ಟಳು. ಇಬ್ಬರೂ ಒಂದೇ ಮಾತಿಗೆ ಜಗಳವಾಡುತ್ತಿದ್ದಾರೆ ಎಂದು ಇಬ್ಬರಿಗೂ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹಳೇಬೀಡು. ದೇವಸ್ಥಾನದ ಒಳಗೆ ಹೋಗಲಿಲ್ಲ, ನೇರ ಕೃಷ್ಣಪ್ಪನ ಅಂಗಡಿಗೆ. ಪ್ರವಾಸಿಗಳ ಒಂದು ಗುಂಪು ಒಳಗಿಂದ ಬಂದು ಕೂತಿತ್ತು. ಆನೆ, ಕುದುರೆ, ಹಂಸ, ಯುದ್ಧ, ನರ್ತಕಿಯರು, ಎಲ್ಲ ನೋಡಿ ದಣಿದ ಕಣ್ಣುಗಳು. ಎದುರಿಗೆ ಏನೂ ಇಲ್ಲದ ಒಂದು ಕಂದು ಚೌಕ, ಅದರಲ್ಲೊಂದು ಗೆರೆ. ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಆದರೆ ಎಲ್ಲರೂ ಅದರ ಕಡೆಗೇ ಮುಖ ಮಾಡಿ ಕೂತಿದ್ದರು.

“ಇದು ಬಂದಾಗಿಂದ ಎರಡನೇ ಟೀ ಕೇಳ್ತಾರೆ ಕಣ್ರೀ” ಎಂದ ಕೃಷ್ಣಪ್ಪ. “ಮೊದ್ಲು ಕ್ಯಾಲೆಂಡರ್ ಇತ್ತು. ತೆಗೆದು ಹಾಕ್ದೆ.”

ದಿವ್ಯಶ್ರೀ ಮೂಲೆಯ ಬೆಂಚಿನಲ್ಲಿ ಕೂತು ಚಿತ್ರವನ್ನಲ್ಲ, ನೋಡುವವರನ್ನು ನೋಡುತ್ತಿದ್ದಳು. ಅವಳೂ ಎರಡನೇ ಟೀ ಕುಡಿದಳು.

ಬೇಲೂರಿನ ಬಟ್ಟೆ ಅಂಗಡಿಯಲ್ಲಿ ಒಬ್ಬಾಕೆ ರವಿಕೆ ಕಣವನ್ನು ಚಿತ್ರದ ಪಕ್ಕ ಹಿಡಿದು, “ಈ ಕಂದು ಕೊಡ್ರಿ ಅಂದ್ರೆ ಬರೀ ಕಾಫಿಪುಡಿ ಬಣ್ಣ ತೋರಿಸ್ತೀರಲ್ಲ, ಇದು ಮಣ್ಣಿನ ಕಂದು” ಎಂದು ಅಂಗಡಿಯವರನ್ನು ಬೈಯುತ್ತಿದ್ದಳು. ದಿವ್ಯಶ್ರೀ ನನ್ನ ತೋಳು ಹಿಡಿದು ಹಿಂಡಿದಳು. “ಆಂಟಿ, ಅವರಿಗೆ ಗೊತ್ತಾಯ್ತು! ಮೈಸೂರಿನ ಶೋದಲ್ಲಿ ದೊಡ್ಡ ವಿಮರ್ಶಕರೊಬ್ರು ಇದನ್ನ ಚಾಕಲೇಟ್ ಅಂದಿದ್ರು.”

ಅವಳು ಅಲ್ಲಿಂದಲೇ ಬಿಕ್ಕೋಡಿನ ಬಸ್ಸು ಹತ್ತಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಆದ್ರೂ ಯುಗಾದಿಗೆ ಐದೂ ಒಟ್ಟಿಗಿರ್ಬೇಕು!” ಎಂದು ಕೂಗಿದಳು. ಇರುತ್ತವೆ ಎಂದು ನಾನೂ ಕೂಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ್ದು ಇದೇ ಮೊದಲು.

೩ ಮಾರ್ಚ್, ಬುಧವಾರ

ಪುರುಸೊತ್ತಿಲ್ಲ. ಸಣ್ಣಯ್ಯ ಉಳಿದ ನಾಲ್ಕು ನೋಡಲು ಬಂದಿದ್ದರು, ಒಂದೇ ಇರುವುದನ್ನು ಕಂಡು ಬಾಣಾವರಕ್ಕೆ ಹೊರಟರು, ಉಗ್ರಪ್ಪನವರ ಹತ್ತಿರ ಇರುವುದನ್ನು ನೋಡಲು. ಉಗ್ರಪ್ಪ ಅವರನ್ನು ಕರೆದುಕೊಂಡು ಮತ್ತೆ ಇಲ್ಲಿಗೇ ಬಂದರು. ಬೇರೆ ಚಿತ್ರಗಳ ಮುಂದೆಯೂ ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಂತರು. “ಇದು ಯಾಕೋ ಸರಿಯಾಗಿ ಒಣಗಿಲ್ಲ ಅನ್ನಿಸ್ತದೆ” ಎಂದರು ಉಗ್ರಪ್ಪ ಒಂದು ಹಸಿರು ಚಿತ್ರಕ್ಕೆ. ನೋಡಿದೆ. ಹೌದು. ಅವಸರದಲ್ಲಿ ಮುಗಿಸಿದ ಚಿತ್ರ ಅದು.

ಗೋಡೆಯ ಚೀಟಿಗಳನ್ನು ತೆಗೆದುಹಾಕಿದೆ. ಅಂಟಿನ ಕಲೆ ಉಳಿದಿದೆ, ಸುಣ್ಣ ಹಚ್ಚಬೇಕು.

೧೦ ಮಾರ್ಚ್, ಬುಧವಾರ

ಮಳೆಗಾಲದಲ್ಲಿ ಪಡುವಣ ಗೋಡೆಗೆ ತೇವ ಬರುತ್ತದೆ ಎಂದು ಇವರು ಹಲಗೆಯ ಮೇಲಿಂದಲೇ ಹೇಳಿದರು. ಹಾಗಾದರೆ ಜುಲೈಯಲ್ಲಿ ಆ ಗೋಡೆಗೆ ಕಾಗದದ ಕೆಲಸಗಳು ಬೇಡ, ಬರೀ ಕ್ಯಾನ್ವಾಸು. ಕಾಗದದವು ಮೂಡಣ ಗೋಡೆಗೆ. ಬೆಳಗಿನ ಬೆಳಕೂ ಚೆನ್ನಾಗಿರುತ್ತದೆ. ಸಿರಿಗೆ ಫೋನಿನಲ್ಲಿ ಹೇಳಿದೆ. “ಅಮ್ಮಾ, ಜುಲೈನಲ್ಲಾ?” ಎಂದಳು. ಲೈನು ಕೆಟ್ಟಿತ್ತೋ ಏನೋ, ದನಿ ಒಂಥರಾ ಕೇಳಿಸಿತು.

೧೬ ಮಾರ್ಚ್, ಮಂಗಳವಾರ

ಜಾವಗಲ್, ಹಳೇಬೀಡು, ಬೇಲೂರು, ಮೂರೂ ವಾಪಸು ಬಂದವು. ನಾಲ್ಕು ಗೋಡೆಯ ಮೇಲಿವೆ. ಉಗ್ರಪ್ಪನವರದ್ದೊಂದೇ ಬಾಕಿ. ಶುಕ್ರವಾರ ತಾವೇ ತರುತ್ತಾರಂತೆ. ಕೃಷ್ಣಪ್ಪ ಮಾತ್ರ ಕೊಡುವಾಗ ಮುಖ ಸಣ್ಣದು ಮಾಡಿಕೊಂಡ. ಅಲ್ಲಿ ಮತ್ತೆ ಕ್ಯಾಲೆಂಡರ್ ಬಂತಂತೆ.

ಭಾವ ಹೇಳಿಕಳಿಸಿದ್ದಾರೆ: ಅವರು ಬರುವುದೂ ಶುಕ್ರವಾರ. ಹಮಾಲರಿಗೆ ಹೇಳಿಯಾಗಿದೆ.

ಸಾರಿಗೆ ಉಪ್ಪು ಹಾಕುವುದು ಮರೆತೆ.

೧೮ ಮಾರ್ಚ್, ಯುಗಾದಿ

ಬೇವು ಬೆಲ್ಲ. ಅತ್ತೆಮ್ಮ ನನ್ನ ಪಾಲಿಗೆ ಬೇವು ಜಾಸ್ತಿ ಹಾಕಿ ಕೊಟ್ಟರು, ಬೇಕಂತಲೇ.

೧೯ ಮಾರ್ಚ್, ಶುಕ್ರವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ದಿವ್ಯಶ್ರೀ ಬೆಳಿಗ್ಗೆಯೇ ಬಂದಳು. ನಾಲ್ಕು ಕ್ಯಾನ್ವಾಸುಗಳ ಧೂಳು ಒರೆಸಿದಳು. ಒಂದರ ಮೂಲೆಯಲ್ಲಿ ಟೀ ಕಲೆ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ, ಇರಲಿ ಅಂದಳು. ಇವರು ಕೋಲೂರಿಕೊಂಡು ಮೊದಲ ಸಲ ಹೊರಗೆ ಬಂದು, ಬೆಂಚಿನಲ್ಲಿ ತಾಯಿಯ ಪಕ್ಕ ನೆಟ್ಟಗೆ ಕೂತರು.

ಹತ್ತು ಗಂಟೆಗೆ ಭಾವ ಬಂದರು. ಹಿಂದೆ ಹಮಾಲರು, ಅವರ ಹಿಂದೆ ಮೂಟೆ ತುಂಬಿದ ಗಾಡಿ. ಭಾವ ಒಳಗೆ ಬಂದು ಸುತ್ತ ನೋಡಿದರು. ನೆಲ, ಸೂರು, ಆಮೇಲೆ ಗೋಡೆ. ವ್ಯಾಪಾರಿಯ ಕಣ್ಣು ಖಾಲಿ ಮೊಳೆಯ ಹತ್ತಿರ ನಿಂತಿತು.

“ಅಲ್ಲೇನಿತ್ತು?”

“ಉಗ್ರಪ್ಪನ ಹತ್ರ ಐತೆ” ಎಂದರು ಅತ್ತೆಮ್ಮ. “ಮಾದರಿಗೋಗೈತೆ.”

ಭಾವ ತಿರುಗಿ ಅಮ್ಮನನ್ನು ನೋಡಿದರು. ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಹೊರಗೆ ಹಮಾಲರಿಗೆ, “ತಡೀರ್ಲಾ, ಹಗ್ಗ ಬಿಚ್ಬ್ಯಾಡಿ” ಎಂದು ಕೂಗಿದರು. ಆಮೇಲೆ ಅಮ್ಮನಿಗೆ, “ಮೊದ್ಲೇ ಹೇಳೋದಲ್ವೇನವ್ವಾ” ಎಂದರು.

ನನಗೆ ಅರ್ಥವಾಗಲಿಲ್ಲ. ಇವರು ಮೆಲ್ಲಗೆ ಹೇಳಿದರು: “ಮಾದರಿ ಹೊರಗಿರೋವಾಗ ಮಂಡಿ ಬಾಗಿಲು ಹಾಕೋ ಹಾಗಿಲ್ಲ. ತಗೊಂಡೋದೋನು ತಿರುಗಿ ಬಂದಾಗ ಅಂಗಡಿ ಇರಬೇಕು. ಅಪ್ಪನ ಕಾಲದಿಂದ ಹಂಗೇ.”

“ನಿಮ್ಮಜ್ಜನ ಕಾಲದಿಂದ” ಎಂದು ತಿದ್ದಿದರು ಅತ್ತೆಮ್ಮ. “ನಮ್ಮತ್ತೆ ತೀರಿಕೊಂಡ ದಿನವೂ ಅರ್ಧ ಬಾಗಿಲು ತೆಗ್ದಿತ್ತು. ಕಡೂರಿನೋನ್ ಒಬ್ಬನ ಹತ್ರ ಮಾದರಿ ಉಳಿದಿತ್ತು.”

“ಅವನು ತಂದುಕೊಡೋತನಕ ಕಾಯ್ತೀನಿ” ಎಂದರು ಭಾವ. “ಬಂದ ದಿನ ಹೇಳಿಕಳ್ಸಿ.”

ನನ್ನ ಎದೆ ಹಗುರವಾಯಿತು. ಹಗುರವಾಗುವ ಹೊತ್ತಿಗೇ ಬಾಗಿಲಲ್ಲಿ ಉಗ್ರಪ್ಪ. ಗೋಣಿತಾಟಿನಲ್ಲಿ ಸುತ್ತಿದ ಚಿತ್ರವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಬಾಯಿ ತುಂಬ ನಗು. “ಹೇಳಿದ್ ಮಾತಿಗೆ ತಪ್ಪಲ್ಲ ತಾಯಿ. ತಗೊಳ್ಳಿ, ನಿಮ್ ಐದನೇದು.”

ಅಷ್ಟು ಒಳ್ಳೆಯ ಮನುಷ್ಯನನ್ನು ನಾನು ಅಷ್ಟು ಕೆಟ್ಟದಾಗಿ ನೋಡಿದ್ದು ಇದೇ ಮೊದಲು.

ಗಾಡಿ ಹೊರಗೆ ನಿಂತಿದೆ. ಭಾವ ಸುಮ್ಮನೆ ನಿಂತಿದ್ದಾರೆ. ದಿವ್ಯಶ್ರೀ ಗೋಣಿ ಬಿಚ್ಚಿದಳು. ನಾನು ಕೊಟ್ಟ ಮಾತು ಅದು, ತಡೆಯುವುದು ಹೇಗೆ? ಐದನೆಯದನ್ನು ಮೊಳೆಗೆ ಹಾಕಿ ಹಿಂದೆ ಸರಿದಳು.

ಐದೂ ಒಟ್ಟಿಗೆ. ನಾನು ಜನವರಿಯಿಂದ ಇದೇ ಗೋಡೆಯ ಮುಂದೆ ಓಡಾಡಿದವಳು. ಮೊದಲನೆಯದರಲ್ಲಿ ಗೆರೆ ಮೇಲೆ, ಎರಡನೆಯದರಲ್ಲಿ ಸ್ವಲ್ಪ ಕೆಳಗೆ, ಹಾಗೇ ಇಳಿಯುತ್ತಾ ಇಳಿಯುತ್ತಾ ಐದನೆಯದರಲ್ಲಿ ತಳದ ಅಂಚಿಗೆ ಬಂದು ಇನ್ನೇನು ಇಲ್ಲವಾಗಬೇಕು. ಅಪ್ಪ ಮನೆಗೆ ಬರುವ ಹೊತ್ತು. ಹಮಾಲರೂ ಬಾಗಿಲಲ್ಲಿ ಬಂದು ನಿಂತಿದ್ದರು. ಮೇಲೆ ಅಟ್ಟದಲ್ಲಿ ಒಂದು ಕಾಯಿ ಉರುಳಿದ್ದು ಕೇಳಿಸಿತು.

“ಹೂಂ” ಎಂದರು ಭಾವ. “ಎಲ್ಲಾ ಬಂತಲ್ಲ.”

ನಾನು ಹೋಗಿ ಐದನೆಯದನ್ನು ಗೋಡೆಯಿಂದ ತೆಗೆದೆ. ಯೋಚನೆ ಮಾಡಿ ತೆಗೆದೆ ಎಂದು ಬರೆದರೆ ಸುಳ್ಳಾಗುತ್ತದೆ. ದಿವ್ಯಶ್ರೀಯ ಕಡೆ ನೋಡಿದೆ. ಅವಳ ಬಾಯಿ ತೆರೆದಿತ್ತು. ನಂತರ ಮುಚ್ಚಿತು. ನಂತರ ಅವಳು ನೆಲ ನೋಡಿಕೊಂಡು ತಲೆಯಾಡಿಸಿದಳು. ನಗು ತಡೆಯುತ್ತಿದ್ದಳು.

ಭಾವನ ಕೈಗೆ ನೇರ ಏನನ್ನೂ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರೆದುರು ನಿಂತು ಎರಡು ಮಾತಾಡಿದವಳಲ್ಲ ನಾನು. ಚಿತ್ರವನ್ನು ಅವರ ಪಕ್ಕದ ಬೆಂಚಿನ ಮೇಲೆ ಇಟ್ಟೆ.

“ಭಾವ, ಎಲ್ಲರಿಗೂ ಮಾದರಿ ಕೊಟ್ವಿ. ಮನೆಯವರಿಗೇ ಕೊಟ್ಟಿರಲಿಲ್ಲ. ತಪ್ಪಾಯಿತು. ತಗೊಂಡು ಹೋಗಿ ನೋಡಿ.”

ಕೊಟ್ಟ ಮಾದರಿಯನ್ನು ಬೇಡ ಅನ್ನುವುದೆಂದರೆ ಮಾಲು ಕೊಳೆತಿದೆ ಎಂದ ಹಾಗೆ. ಅದೂ ಉಗ್ರಪ್ಪನ ಎದುರು, ತಾಯಿಯ ಎದುರು, ಬಾಗಿಲ ತುಂಬ ನಿಂತ ಹಮಾಲರ ಎದುರು. ಭಾವನ ಮುಖ ಕೆಂಪಾಯಿತು. ನನ್ನನ್ನು ನೋಡಿದರು, ಮೊದಲ ಸಲ ನೋಡಿದ ಹಾಗೆ.

“ಷಡಕ್ಷರಿ, ನಿನ್ ಹೆಂಡ್ತಿ ಪುಸ್ತಕ ಓದ್ತಾಳೆ ಅಂತಿದ್ಯಲ್ಲೋ.”

“ಓದ್ತಾಳೆ ಕಣಣ್ಣ” ಎಂದರು ಇವರು. “ಇದು ಯಾವ ಪುಸ್ತಕದಲ್ಲಿತ್ತೋ ನಂಗೊತ್ತಿಲ್ಲ.”

ಉಗ್ರಪ್ಪ ಮೊದಲು ನಕ್ಕರು. ಆಮೇಲೆ ಹಮಾಲರು. ಭಾವ ಬಗ್ಗಿ ಚಿತ್ರವನ್ನು ಎತ್ತಿಕೊಂಡರು. ಅಭ್ಯಾಸಬಲ, ಗೆಣ್ಣಿನಿಂದ ಚೌಕಟ್ಟನ್ನು ಒಮ್ಮೆ ತಟ್ಟಿ ನೋಡಿದರು. ತೋಳು ಚಾಚಿ ದೂರ ಹಿಡಿದರು, ಹತ್ತಿರ ತಂದರು. “ನೋಡಿ ಹೇಳ್ತೀನಿ” ಎಂದರು. ಬಾಗಿಲು ದಾಟುವಾಗ ತಾವೇ ಪಕ್ಕಕ್ಕೆ ತಿರುಗಿ, ಮೂಲೆ ತಗುಲದ ಹಾಗೆ ಹೊರಗೆ ಒಯ್ದರು.

ಗಾಡಿ ಹಿಂದಕ್ಕೆ ತಿರುಗಿತು.

ದಿವ್ಯಶ್ರೀಗೆ ಕ್ಷಮೆ ಕೇಳಿದೆ. ಇಡೀ ಕವಿತೆ ಒಂದು ಗಳಿಗೆ ಮಾತ್ರ ಇತ್ತಲ್ಲ ಎಂದೆ. “ಬಿಡಿ ಆಂಟಿ. ಬಿಸಿಲೂ ಅಷ್ಟೇ ಹೊತ್ತು ಇರ್ತಿತ್ತು” ಎಂದಳು. ಅತ್ತೆಮ್ಮ ಅವಳಿಗೆ ತಟ್ಟೆ ಸರಿಸಿ ಎಲೆಯಡಿಕೆ ಹಾಕಿಕೊಟ್ಟರು. ನನಗೂ ಕೊಟ್ಟರು. ಇಪ್ಪತ್ತೈದು ವರ್ಷದಲ್ಲಿ ಇದೇ ಮೊದಲು.

೩೧ ಮಾರ್ಚ್, ಬುಧವಾರ

ಭಾವ ಇನ್ನೂ ಏನೂ ಹೇಳಿಲ್ಲ. ನನ್ನ ಓರಗಿತ್ತಿ ಅಕ್ಕನನ್ನು ಕೇಳಿದೆ. ಚಿತ್ರ ಹಜಾರದಲ್ಲಿದೆಯಂತೆ. ಸಂಜೆ ಮಂಡಿಯಿಂದ ಬಂದವರು ಕುರ್ಚಿಯನ್ನು ಅದರ ಕಡೆ ತಿರುಗಿಸಿಕೊಂಡು ಕೂರುತ್ತಾರಂತೆ, ಊಟಕ್ಕೆ ಕರೆದರೆ ರೇಗುತ್ತಾರಂತೆ.

ಇವತ್ತು ಗೂಡ್ಸ್ ಶೆಡ್ ಹಿಂದಿನ ಆ ಸೋರುವ ಗೋದಾಮಿನ ಮುಂದೆ ಹಾದು ಬಂದೆ. ಲಾರಿಯಿಂದ ಹೊಸ ಹೆಂಚು ಇಳಿಸುತ್ತಿದ್ದರು. ಭಾವ ಬಿಸಿಲಿನಲ್ಲಿ ನಿಂತು ಕೂಲಿಯವರನ್ನು ಬೈಯುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ತಡವರಿಸಿದರು. ಆಮೇಲೆ ನನಗಲ್ಲ, ಹೆಂಚಿಗೆ ಹೇಳುವ ಹಾಗೆ, “ಇನ್ನೂ ಪೂರ್ತಿ ನೋಡಿ ಆಗಿಲ್ಲ” ಎಂದರು.

“ನಿಧಾನಕ್ಕೆ ನೋಡಿ ಭಾವ” ಎಂದೆ.